ಚಾಚಾ ಕೊಟ್ಟ ಮುಂದಿನ ಸೀಟು

ಹಿಂದೆ ಕೂತವರಿಗೆ ಚಾಚಾ ಅಂದರೆ ಎರಡು ಹುಬ್ಬು. ಕಾರಿನ ಕನ್ನಡಿಯಲ್ಲಿ ಅಷ್ಟೇ ಕಾಣುತ್ತಿತ್ತು: ಬಿಳಿ ಪೊದೆಯಂಥ ಹುಬ್ಬು, ಎಡಗಡೆಯದು ಸದಾ ಒಂದು ಬೆರಳು ಮೇಲೆ. ಆ್ಯಪಿನಲ್ಲಿ ಸೀಟು ಹಿಡಿದು ಅರಿಶಿನಕುಂಟೆಯಿಂದ ಸೋಂಪುರದ ಫ್ಯಾಕ್ಟರಿಗೆ ದಿನವೂ ಅವರ ಕಾರಿನಲ್ಲಿ ಹೋಗುತ್ತಿದ್ದ ನಾಲ್ವರಲ್ಲಿ ನಾನೊಬ್ಬ. ಮೊದಲ ವಾರವೇ ಆ ಹುಬ್ಬನ್ನು ಅವರೆದುರೇ ಮಿಮಿಕ್ರಿ ಮಾಡಿದ್ದೆ. "ನಂದಕ್ಕಿಂತ ನಿಂದೇ ಚೆನ್ನಾಗದೆ ಬೇಟಾ," ಎಂದು ನಕ್ಕಿದ್ದರು.

ಮುಂದಿನ ಸೀಟನ್ನು ಮಾತ್ರ ಅವರು ಮುಖ ನೋಡಿ ಕೊಡುತ್ತಿದ್ದರು. ಯಾರ ಮುಖ ಬಾಡಿದೆಯೋ ಅವರಿಗೆ. "ಮುಂದೆ ಬಾಮ್ಮಾ, ಗಾಳಿ ಬರ್ತದೆ," ಎಂದು ಕರೆದು ಕೂರಿಸಿ, ತಿರುಗಿ ನೋಡದೆ ನನಗೆ ಹೇಳುತ್ತಿದ್ದರು: "ಶುರು ಮಾಡಪ್ಪಾ, ಜೋರಾಗಿ." ಸೂಪರ್‌ವೈಸರ್, ಕ್ಯಾಂಟೀನಿನವರು, ಟೋಲ್‌ನವರು, ಎಲ್ಲರ ಮಿಮಿಕ್ರಿಯೂ ಮಾಡುತ್ತಿದ್ದೆ. ನಾನೇ ಸ್ಟಾರ್ ಎಂದುಕೊಂಡಿದ್ದೆ. ನನ್ನ ಗದ್ದಲದ ಮರೆಯಲ್ಲಿ ಮುಂದೆ ಕೂತವರು ಚಾಚಾನಿಗೆ ತಮ್ಮ ಸಂಕಟ ಹೇಳಿಕೊಳ್ಳುತ್ತಿದ್ದರೆಂದು ಗೊತ್ತಾಗಿದ್ದು ನನ್ನ ಸರದಿ ಬಂದಾಗಲೇ.

ತಂಗಿಯ ನಿಶ್ಚಿತಾರ್ಥದಲ್ಲಿ ಅಪ್ಪ ಬೀಗರ ಮುಂದೆ ಬಗ್ಗಿ, ಕೈಮುಗಿದು, "ಇನ್ನೊಂದೇ ಒಂದ್ ಒಬ್ಬಟ್ಟು ಸ್ವಾಮೀ," ಎಂದು ಗೋಗರೆದದ್ದನ್ನು ಒಳಗೆ ನೆಂಟರ ಮುಂದೆ ಮಾಡಿ ತೋರಿಸಿದೆ. ಬಿದ್ದು ಬಿದ್ದು ನಕ್ಕರು. ಬಾಗಿಲಲ್ಲಿ ಅಪ್ಪ ನಿಂತಿದ್ದರು. ಆಮೇಲೆ ಎಂಟು ದಿನ ನನ್ನೊಡನೆ ಒಂದು ಮಾತಿಲ್ಲ.

ಒಂಬತ್ತನೆಯ ಬೆಳಿಗ್ಗೆ ಚಾಚಾ ಕರೆದರು: "ಮುಂದೆ ಬಾ ಬೇಟಾ."

ಹಿಂದೆ ಗದ್ದಲ ಮಾಡುವವರು ಯಾರು? ಪ್ಯಾಕಿಂಗ್ ವಿಭಾಗದ ಅಕ್ಕ ಗಂಟಲು ಸರಿಮಾಡಿಕೊಂಡು ನನ್ನದೇ ಮಿಮಿಕ್ರಿ ಶುರುಮಾಡಿದರು: "ಏನ್ ಗುರೂ, ಹೆಂಗೆ ನಮ್ ಆ್ಯಕ್ಟಿಂಗು?" ಒಂಚೂರೂ ಹೋಲುತ್ತಿರಲಿಲ್ಲ. ಸರಿ, ಹೋಲುತ್ತಿತ್ತು ಬಿಡಿ. ಆ ಸದ್ದಿನ ಮರೆಯಲ್ಲಿ ಎಲ್ಲ ಹೇಳಿಬಿಟ್ಟೆ.

"ನನ್ ಹುಬ್ಬು ನನ್ ಎದುರೇ ಮಾಡ್ದೆ, ನಾನೂ ನಕ್ಕೆ," ಎಂದರು ಚಾಚಾ. "ಅಪ್ಪಂದು ಬೆನ್ನ ಹಿಂದೆ ಮಾಡ್ದೆ. ಅವ್ರಿಗೆ ನಗೋಕೆ ಜಾಗಾನೇ ಕೊಡ್ಲಿಲ್ವಲ್ಲಪ್ಪಾ. ಹೋಗಿ ಎದುರಿಗೆ ಕೂತ್ಕೊಂಡು ತಪ್ಪಾಯ್ತು ಅನ್ನು. ನಿನ್ ಸ್ವಂತ ದನೀಲಿ."

ಸಂಜೆ ಕೂತೆ. ನನ್ನ ಸ್ವಂತ ದನಿ ಅಷ್ಟು ಸಣ್ಣದೆಂದು ಗೊತ್ತಿರಲಿಲ್ಲ. ಅಪ್ಪ ಮಡಿಸಿದ ಟವೆಲನ್ನೇ ಮತ್ತೆ ಮತ್ತೆ ಮಡಿಸಿದರು. ಕೊನೆಗೆ, "ಎಲ್ಲಿ, ಆ ಒಬ್ಬಟ್ಟಿಂದು ಮಾಡು ನೋಡಣ," ಎಂದರು. ಮಾಡಿದೆ.

"ನಾನ್ ಅಷ್ಟ್ ಬಗ್ಗಿರ್ಲಿಲ್ಲ ಕಣ್ಲಾ," ಎಂದರು. ಮೀಸೆಯಡಿ ನಗು ಇತ್ತು.

ಹೋದ ವರ್ಷ ಕಣ್ಣು ಮಂಜಾಗಿ ಚಾಚಾ ಕಾರನ್ನು ಮಗನಿಗೆ ಬಿಟ್ಟರು. ಈಗ ಮೊದಲು ಹತ್ತಿದವರಿಗೆ ಮುಂದಿನ ಸೀಟು, ಬಹುಪಾಲು ನನಗೇ. ಯಾರಾದರೂ ಬಾಡಿದ ಮುಖ ಹೊತ್ತು ಬಂದರೆ ಮಾತ್ರ ಇಳಿದು ಹಿಂದೆ ಹೋಗುತ್ತೇನೆ. ಎಡಹುಬ್ಬು ಒಂದು ಬೆರಳು ಏರಿಸಿ ಶುರುಮಾಡುತ್ತೇನೆ, ಜೋರಾಗಿ.