ಬಿಚ್ಚದೆ ಉಳಿದ ಓಟು

ನಮ್ಮ ಯಜಮಾನರಿಗೆ ಮೂರು ದೇಶಗಳ ನಂಟಿತ್ತು, ಓಟಿದ್ದದ್ದು ಒಂದರಲ್ಲಿ ಮಾತ್ರ. ಅಮೆರಿಕದಲ್ಲಿ ಹತ್ತು ವರ್ಷ ಪಾಠ ಹೇಳಿ ಅಲ್ಲಿಯ ಪ್ರಜೆಯಾದರು. ಆಗ ಇಂಡಿಯಾದ ಹಕ್ಕು ಹೋಯಿತು. ಆಮೇಲೆ ನೈರೋಬಿಗೆ ಕಲಿಸಲು ಬಂದು ಅಲ್ಲಿಯ ಲೊರೆಶೋ ಬಡಾವಣೆಯಲ್ಲಿ ಮನೆ ಮಾಡಿದೆವು. ಇಲ್ಲಿ ನಾವು ಪರದೇಶದವರು. "ನಿನ್ನ ಅಭಿಪ್ರಾಯ ಏನಪ್ಪಾ ಅಂತ ನನ್ನನ್ನ ಕೇಳೋ ದೇಶ ಅಮೆರಿಕ ಒಂದೇ ಕಣೇ" ಎನ್ನುತ್ತಿದ್ದರು.

ಸಾವಿರದ ಒಂಬೈನೂರ ಎಂಬತ್ತೆಂಟರಲ್ಲಿ ಅವರಿಗೆ ಹೊಟ್ಟೆಯ ಕ್ಯಾನ್ಸರ್ ಎಂದು ಗೊತ್ತಾಯಿತು. ಸೆಪ್ಟೆಂಬರ್ ಹೊತ್ತಿಗೆ ಹಾಸಿಗೆ ಹಿಡಿದಿದ್ದರು. ಅಂಥದರಲ್ಲೂ ಅಮೆರಿಕದ ತಮ್ಮ ಹಳೆಯ ಊರಿನ ಚುನಾವಣಾ ಕಚೇರಿಗೆ ಬರೆದು ಅಂಚೆಯಲ್ಲಿ ಮತಪತ್ರ ತರಿಸಿಕೊಂಡರು. ಅಧ್ಯಕ್ಷರೊಬ್ಬರನ್ನೇ ಆರಿಸುವ ಕಾಗದವೆಂದುಕೊಂಡಿದ್ದೆ. ನೋಡಿದರೆ ಜಡ್ಜು, ಶಾಲಾ ಮಂಡಳಿ, ಕೊನೆಗೆ ಚರಂಡಿ ನೋಡಿಕೊಳ್ಳುವ ಅಧಿಕಾರಿಗೂ ಓಟು. ಅಧ್ಯಕ್ಷರಿಗೆ ಹಾಕುವ ಓಟೂ ನೇರ ಅವರಿಗಲ್ಲವಂತೆ, ಆ ರಾಜ್ಯದ ಪರವಾಗಿ ಅವರನ್ನು ಆರಿಸುವವರಿಗಂತೆ.

"ಇಷ್ಟು ಸುತ್ತಿ ಬಳಸೋ ಓಟಿಗೆ ಈ ಸಂಕಟದಲ್ಲಿ ಯಾಕ್ರೀ ಒದ್ದಾಡ್ತೀರಿ?" ಎಂದು ರೇಗಿದೆ.

"ಅಲ್ಲಿ ಚರಂಡಿ ಕಟ್ಟಿಕೊಂಡು ನಮ್ಮ ಬೇಸ್‌ಮೆಂಟ್ ತುಂಬಿದ್ದು ಮರ್ತ್ಯಾ?" ಎಂದರು.

ಕಾರ್ಡಿನ ತುಂಬ ಪುಟ್ಟ ಚೌಕಗಳು. ಬೇಕಾದವರ ಚೌಕವನ್ನು ಸೂಜಿಯಂಥ ಕಡ್ಡಿಯಿಂದ ಒತ್ತಿ ತೂತು ಮಾಡಬೇಕು. ಅದಕ್ಕೇ ಒಂದು ಬೆಳಗು ಪೂರ್ತಿ ಹಿಡಿಯಿತು. ನನ್ನನ್ನು ಕಿಟಕಿಯ ಕಡೆ ತಿರುಗಿ ಕೂರಿಸಿದರು. ಗುಟ್ಟಿನ ಓಟು ಹೆಂಡತಿಗೂ ಗುಟ್ಟೇ. ಕಾರ್ಡನ್ನು ಒಳಗಿನ ಲಕೋಟೆಗೆ ಹಾಕಿ ಅಂಟಿಸಿ, ಅದನ್ನು ಇನ್ನೊಂದು ಲಕೋಟೆಯಲ್ಲಿಟ್ಟು, ಮೇಲೆ ಸಹಿ ಮಾಡಬೇಕಿತ್ತು. ಅಷ್ಟರಲ್ಲಿ ಕೈ ಸೋತು ಪೆನ್ನು ಜಾರಿತು.

ಮಗಳು ಸೂಚನೆಯ ಹಾಳೆ ಓದಿದಳು. ನೈರೋಬಿಯಲ್ಲಿ ಬೆಳೆದವಳು, ಕನ್ನಡ ಅರ್ಥವಾದರೂ ಮಾತು ಇಂಗ್ಲಿಷಿನಲ್ಲೇ. "ಅಮ್ಮ, ಜಸ್ಟ್ ಅ ಕ್ರಾಸ್ ಈಸ್ ಇನಫ್, ವಿತ್ ಅ ವಿಟ್ನೆಸ್."

"ಹಾಕ್ತೀನಿ ಬಿಡು, ಒಂದು ಗೀಟು ತಾನೆ" ಎಂದರು ಅವರು.

ನನಗೆ ತಡೆಯಲಾಗಲಿಲ್ಲ. ಸಹಿಯ ಜಾಗದಲ್ಲಿ ಗುರುತು ಹಾಕುವವರೆಂದರೆ ನಮ್ಮಲ್ಲಿ ಹೆಬ್ಬೆಟ್ಟಿನವರು. ಅವರ ತಾಯಿಯೂ ಹೆಬ್ಬೆಟ್ಟು ಒತ್ತುತ್ತಿದ್ದವರೇ. ಆಕೆಗೆ ಹೆಸರು ಬರೆಯಲು ಕಲಿಸಿದ್ದು ಹತ್ತು ವರ್ಷದ ಈ ಮಗ. ಪಿಎಚ್‌ಡಿ ಮಾಡಿದ ಪ್ರೊಫೆಸರು ಕೊನೆಗೆ ಗೀಟೆಳೆಯುವುದೇ? "ಏನೂ ಬೇಡ, ನಾನು ಕೈ ಹಿಡೀತೀನಿ, ಬರೀರಿ" ಎಂದೆ. ಅಕ್ಷರಾಭ್ಯಾಸದಲ್ಲಿ ಮಗುವಿನ ಕೈ ಹಿಡಿದು ಅಕ್ಕಿಯ ಮೇಲೆ ತಿದ್ದಿಸುವ ಹಾಗೆ ಬರೆಸಿದೆ. ಅಕ್ಷರ ಗುಂಡಗೆ, ಚೆನ್ನಾಗಿ ಬಂತು.

"ನಿನ್ನ ಕೈಬರಹ ಇದ್ದಂಗಿದೆಯಲ್ಲೇ" ಎಂದು ನಕ್ಕರು. ನಾನೂ ನಕ್ಕೆ. ಮಾರನೆಯ ದಿನ ಮಟಾಟು ವ್ಯಾನು ಹತ್ತಿ ಪೇಟೆಗೆ ಹೋಗಿ ನಾನೇ ಅದನ್ನು ರಿಜಿಸ್ಟರ್ ಮಾಡಿ ಬಂದೆ.

ನವೆಂಬರಿನಲ್ಲಿ ಫಲಿತಾಂಶ ರೇಡಿಯೊದಲ್ಲಿ ಬಂತು. "ನಂದೂ ಎಣಿಸಿರ್ತಾರೆ ಅಲ್ವಾ?" ಎಂದು ಎರಡು ಸಲ ಕೇಳಿದರು. "ಎಣಿಸದೆ ಇರ್ತಾರಾ" ಎಂದೆ. ಹತ್ತು ದಿನಕ್ಕೆ ಹೋಗಿಬಿಟ್ಟರು.

ಡಿಸೆಂಬರಿನಲ್ಲಿ ಅವರ ಹೆಸರಿಗೇ ಒಂದು ಕಾಗದ ಬಂತು. ಹೊರಲಕೋಟೆಯ ಮೇಲಿನ ಸಹಿ ನಮ್ಮಲ್ಲಿರುವ ನಿಮ್ಮ ಸಹಿಗೆ ಹೊಂದುತ್ತಿಲ್ಲ, ಆದ್ದರಿಂದ ಒಳಲಕೋಟೆಯನ್ನು ಬಿಚ್ಚಿಲ್ಲ ಎಂದಿತ್ತು. ಬಹಳ ಮರ್ಯಾದೆಯ ಕಾಗದ. ಆ ಕಚೇರಿಯವರದು ತಪ್ಪೇನೂ ಇರಲಿಲ್ಲ. ಅದು ಅವರ ಸಹಿಯಾಗಿರಲೇ ಇಲ್ಲ. ಗೀಟೆಳೆಯಲು ಬಿಟ್ಟಿದ್ದರೆ ಸಾಕಿತ್ತು.

ಅಡುಗೆಮನೆಯ ನೆಲದ ಮೇಲೆ ಕುಳಿತು ಅತ್ತೆ. ಅವರು ಹೋದ ದಿನವೂ ಹಾಗೆ ಅತ್ತಿರಲಿಲ್ಲ. ಇದ್ದಬದ್ದ ಶಕ್ತಿಯನ್ನೆಲ್ಲ ಒಂದು ಬೆಳಗಿಗೆ ಸುರಿದು ಅವರು ಹೇಳಿದ ಮಾತನ್ನು, ನನ್ನ ಒಣಜಂಭ ಯಾರ ಕಿವಿಗೂ ಬೀಳದ ಹಾಗೆ ಮಾಡಿತ್ತು. ಯಾರಿಗೆ ಹಾಕಿದ್ದರೋ, ನನಗೂ ಗೊತ್ತಿಲ್ಲ.

ಕಾಗದದ ಜೊತೆ ಹೊಸ ಸಹಿ ಕಳಿಸಲು ಒಂದು ಫಾರಂ ಇತ್ತು. ಅದರ ಹಿಂದುಗಡೆ, ಮತದಾರ ತೀರಿಕೊಂಡಿದ್ದರೆ ಪಟ್ಟಿಯಿಂದ ಹೆಸರು ತೆಗೆಯಲು ಹತ್ತಿರದ ಸಂಬಂಧಿಕರು ಸಹಿ ಮಾಡುವ ಜಾಗ. ಮೂರು ದಿನ ಅದನ್ನು ಮುಟ್ಟಲಿಲ್ಲ. ಆಮೇಲೆ ಅಲ್ಲಿ ನನ್ನ ಸಹಿ ಹಾಕಿ ಕಳಿಸಿದೆ. ಅದನ್ನು ಕಚೇರಿಯವರು ಒಂದೇ ಸಲಕ್ಕೆ ಒಪ್ಪಿಕೊಂಡರು.