ಶಿವಶರಣಪ್ಪನವರು ಕಾನ್ಪುರಕ್ಕೆ ಹೋಗದ ಕಾರಣ

ನಮ್ಮ ಕಾರ್ಖಾನೆಯ ಕಡತಗಳನ್ನು ನಂಬುವುದಾದರೆ, ಎಪ್ಪತ್ತನಾಲ್ಕನೇ ಇಸವಿಯಿಂದ ಎಂಬತ್ತೈದರವರೆಗೆ ನಮ್ಮಲ್ಲಿ ಕೆಲಸಕ್ಕಿದ್ದ ನಲವತ್ತೊಂದು ಮಂದಿಯ ತಾಯಂದಿರು ಒಬ್ಬರಾದ ಮೇಲೊಬ್ಬರು ಹಾಸಿಗೆ ಹಿಡಿದಿದ್ದರು. ಎಲ್ಲರಿಗೂ ಒಂದೇ ಕಾಯಿಲೆ: ಸಂಧಿವಾತ, ಜೊತೆಗೆ ರಕ್ತದೊತ್ತಡ. ಎಲ್ಲರಿಗೂ ಡಾಕ್ಟರು ದೂರ ಪ್ರಯಾಣ ಕೂಡದೆಂದಿದ್ದರು. ಹನ್ನೊಂದು ವರ್ಷದಲ್ಲಿ ಒಬ್ಬ ತಾಯಿಯೂ ತೀರಿಕೊಳ್ಳಲಿಲ್ಲ, ಒಬ್ಬ ತಾಯಿಯೂ ಗುಣವಾಗಲಿಲ್ಲ. ಈ ಪಾಪವೆಲ್ಲ ನನ್ನದು.

ನಾನು ಜಯತೀರ್ಥ, ಹೈದರಾಬಾದಿನಲ್ಲಿದ್ದ ರಕ್ಷಣಾ ಇಲಾಖೆಯ ಆ ಕಾರ್ಖಾನೆಯಲ್ಲಿ ಹೆಡ್ ಕ್ಲಾರ್ಕ್. ನಮ್ಮಲ್ಲಿ ಬಡ್ತಿ ಒಂಟಿಯಾಗಿ ಬರುವುದಿಲ್ಲ, ವರ್ಗಾವಣೆಯ ಕೈಹಿಡಿದುಕೊಂಡೇ ಬರುತ್ತದೆ. ಜಬಲ್‌ಪುರ, ಡೆಹ್ರಾಡೂನ್, ಕಾನ್ಪುರ, ಹೀಗೆ ನಕಾಶೆಯಲ್ಲಿ ಹುಡುಕಬೇಕಾದ ಊರುಗಳು. ಹದಿನೈದು ದಿನದೊಳಗೆ ಹೂಂ ಅಥವಾ ಉಹೂಂ ಅನ್ನಬೇಕು. ಉಹೂಂ ಎಂದರೆ ಕಾರಣ ಕೊಡಬೇಕು. ನಮ್ಮ ದೊಡ್ಡ ಸಾಹೇಬರು ಪಂಜಾಬಿನವರು, ಯಾವ ಕಾರಣ ಕೊಟ್ಟರೂ ಎರಡು ಪ್ರಶ್ನೆ ಹಾಕುವವರು, ತಾಯಿ ಎಂದರೆ ಮಾತ್ರ ತುಟಿ ಬಿಚ್ಚದೆ ಸಹಿ ಮಾಡುವವರು. ಇದನ್ನು ಪತ್ತೆ ಮಾಡಿದ ನಾನು ಒಂದು ಮಾದರಿ ಅರ್ಜಿ ಟೈಪ್ ಮಾಡಿ ಡ್ರಾಯರಿನಲ್ಲಿಟ್ಟಿದ್ದೆ. ಹೆಸರು, ನಂಬರು ತುಂಬಿದರೆ ಸಾಕು, ಹಾವೂ ಸಾಯದು, ಕೋಲೂ ಮುರಿಯದು.

ನಲವತ್ತೆರಡನೆಯ ಅರ್ಜಿ ಶಿವಶರಣಪ್ಪನವರದು.

ಶಿವಶರಣಪ್ಪ ಸುರಪುರದ ಕಡೆಯವರು, ತಪಾಸಣೆ ವಿಭಾಗದಲ್ಲಿ ಚಾರ್ಜ್‌ಮನ್. ಲೋಹದ ತುಂಡೊಂದನ್ನು ಕೈಗೆ ಕೊಟ್ಟರೆ ಕೂದಲೆಳೆಯಷ್ಟು ಹೆಚ್ಚುಕಡಿಮೆಯಿದ್ದರೂ ಹಿಡಿದುಬಿಡುತ್ತಿದ್ದರು. ಪಾಸೋ ರಿಜೆಕ್ಟೋ, ಕಣ್ಣು ಮಿಟುಕಿಸುವುದರೊಳಗೆ ತೀರ್ಮಾನ. ಅದೇ ಮನುಷ್ಯ ಸಂಜೆ ಮಲ್ಕಾಜ್‌ಗಿರಿ ಸ್ಟೇಶನ್ನಿನ ಮುಂದೆ ಹೀರೇಕಾಯಿ ಕೊಳ್ಳಲೋ ಬದನೆಕಾಯಿ ಕೊಳ್ಳಲೋ ಎಂದು ಕಾಲು ಗಂಟೆ ನಿಂತು, ಕೊನೆಗೆ ಎರಡನ್ನೂ ಕೊಂಡು, ಮನೆಯಲ್ಲಿ ಎರಡಕ್ಕೂ ಬೈಸಿಕೊಳ್ಳುತ್ತಿದ್ದರು. ಫೋರ್‌ಮನ್ ಆಗಬೇಕೆಂದು ಹನ್ನೊಂದು ವರ್ಷದಿಂದ ಕಾದಿದ್ದರು. ಎಂಬತ್ತೈದರ ಏಪ್ರಿಲ್‌ನಲ್ಲಿ ಆರ್ಡರ್ ಬಂತು. ಫೋರ್‌ಮನ್ ಏನೋ ಹೌದು, ಆದರೆ ಕಾನ್ಪುರದಲ್ಲಿ.

ಇಂಥ ಮನುಷ್ಯನಿಗೆ ಹದಿನೈದು ದಿನ ಕೊಟ್ಟರೆ ಏನು ಮಾಡುತ್ತಾನೆ? ಇಡೀ ಕಾರ್ಖಾನೆಯನ್ನು ಸಲಹೆ ಕೇಳುತ್ತಾನೆ. ಕ್ಯಾಂಟೀನಿನ ಅಡುಗೆಯವನನ್ನು ಕೇಳಿದರು, ಗೇಟಿನ ಜವಾನನನ್ನು ಕೇಳಿದರು. ಕಾನ್ಪುರದಲ್ಲಿ ಜೋಳ ಸಿಗುತ್ತದೆಯೇ ಎಂದು ನನ್ನನ್ನು ನಾಲ್ಕು ಸಲ ಕೇಳಿದರು. ನಾನು ಮೈಸೂರಿನವನು, ಜೋಳದ ವಿಷಯದಲ್ಲಿ ನನ್ನ ಅಭಿಪ್ರಾಯಕ್ಕೆ ಯಾರೂ ಬೆಲೆ ಕೊಡಬಾರದು. ಆದರೂ ಸಿಗುತ್ತದೆ ಎಂದೆ. ಮುಖ ಇನ್ನಷ್ಟು ಬಾಡಿತು. ಆಗ ನನಗೆ ಅನುಮಾನ ಬಂತು, ಇದು ಜೋಳದ ಚಿಂತೆಯಲ್ಲ ಎಂದು.

ಚಿಂತೆ ಅವರ ಹೆಂಡತಿಯದು. ಏಳನೆಯ ಇಯತ್ತೆ ಮುಗಿಸಿ, ಹದಿನೆಂಟಕ್ಕೆ ಮದುವೆಯಾಗಿ ಈ ಊರಿಗೆ ಬಂದವರು, ರೊಟ್ಟಿ ಬಡಿಯುತ್ತ ಬಡಿಯುತ್ತ ಹಿಂದಿ ಪರೀಕ್ಷೆಗಳನ್ನು ಒಂದೊಂದಾಗಿ ಪಾಸು ಮಾಡಿದ್ದರು. ಪರೀಕ್ಷೆಯ ತಿಂಗಳಲ್ಲಿ ಒಲೆಯನ್ನೂ ಎರಡು ಮಕ್ಕಳನ್ನೂ ನೋಡಿಕೊಂಡವರು ಅತ್ತೆ ಸೂಗಮ್ಮ. ಈಗ ಏಳು ವರ್ಷದಿಂದ ಹಿಮಾಯತ್‌ನಗರದ ಒಂದು ಶಾಲೆಯಲ್ಲಿ ಹಿಂದಿ ಟೀಚರು, ಆದರೆ ಟೆಂಪರರಿ. ಈ ಜೂನ್‌ನಲ್ಲಿ ಕಾಯಂ ಮಾಡುತ್ತೇವೆಂದು ಹೆಡ್ ಮಿಸ್ಟ್ರೆಸ್ ಹೇಳಿದ್ದರು. ಕಾನ್ಪುರಕ್ಕೆ ಹೋದರೆ ಅದು ಹೋದ ಹಾಗೆಯೇ. ಸುರಪುರದ ಹೆಣ್ಣುಮಗಳಿಂದ ಹಿಂದಿ ಕಲಿಯಬೇಕಾದ ದರ್ದು ಕಾನ್ಪುರಕ್ಕೆ ಏನಿದೆ?

"ಆಕೀನ ನಗಕೋತ ಅಂದ್ಲು ಸರ್," ಎಂದರು ಶಿವಶರಣಪ್ಪ, ಕಾರ್ಖಾನೆಯ ಬಸ್ಸಿನಲ್ಲಿ ನನ್ನ ಪಕ್ಕ ಕೂತು. "'ಅಲ್ಲಿ ಎಮ್ಮಿ ಸುದ್ದಾ ಹಿಂದ್ಯಾಗ ಒದರತಾವ, ನನ್ನ ಯಾರು ಕೇಳತಾರ' ಅಂತ. ಆಮ್ಯಾಲ ಸುಮ್ಮನಾದ್ಲು."

"ನೀವೇನು ಅಂದ್ರಿ?"

"ನಾನೂ ಸುಮ್ಮನಾದೆ."

"ಹೋಗೋಣವೋ ಬೇಡವೋ ಅಂತ ಕೇಳಲಿಲ್ವಾ?"

"ಕೇಳಿದೆ. 'ನಿಮ್ಮ ಮನಸಿಗೆ ಬಂದಂಗ ಮಾಡ್ರಿ' ಅಂದ್ಲು. ಅದು ಒಪ್ಪಿಗಿನೋ ಸಿಟ್ಟೋ ತಿಳೀವಲ್ದು ನೋಡ್ರಿ."

ಅವರ ಮನಸ್ಸು ಆಗಲೇ ಗಟ್ಟಿಯಾಗಿತ್ತು, ಹೋಗುವುದು ಬೇಡವೆಂದು. ಆದರೆ ಅದನ್ನು ಹೆಂಡತಿಯ ಮುಂದೆ ಹೇಳಲು ಬಾಯಿಲ್ಲ. 'ನಿನ್ನ ಸಲುವಾಗಿ' ಎಂಬ ಮಾತು ಅವರ ಮನೆತನದಲ್ಲೇ ಯಾರೂ ಆಡಿದ್ದಿಲ್ಲವಂತೆ. ಹದಿನೆಂಟು ವರ್ಷದ ಸಂಸಾರದಲ್ಲಿ ಹೆಂಡತಿಯನ್ನು ಹೆಸರು ಹಿಡಿದು ಕರೆದವರೇ ಅಲ್ಲ. 'ಇಲ್ಲಿ ನೋಡಿಲ್ಲಿ', 'ಕೇಳಿತೇನು', ಇಷ್ಟರಲ್ಲೇ ಎರಡು ಮಕ್ಕಳಾಗಿ ಹೈಸ್ಕೂಲು ಸೇರಿದ್ದವು. ಇನ್ನು ಅದನ್ನು ಅರ್ಜಿಯಲ್ಲಿ ಬರೆಯುವುದಂತೂ ದೂರವೇ ಉಳಿಯಿತು.

"ಹೆಂಡ್ತಿ ನೌಕರಿ ಸಲುವಾಗಿ ಬಡ್ತಿ ಬಿಟ್ಟ ಅಂದ್ರ ವರ್ಕ್‌ಶಾಪಿನ ಮಂದಿ ನಗಾಂಗಿಲ್ಲೇನ್ರಿ?"

"ಅದಕ್ಕೇ ನನ್ನ ಡ್ರಾಯರ್ ಇರೋದು," ಎಂದೆ ಹೆಮ್ಮೆಯಿಂದ. ಮಂಗಳವಾರ ಸೂಗಮ್ಮನವರಿಗೆ ಸಂಧಿವಾತ ಬಂತು. ಉತ್ತರದ ಚಳಿಯನ್ನು ಅವರು ತಡೆಯಲಾರರೆಂದು ನನ್ನ ಕಡೆಯಿಂದ ಒಂದು ವಾಕ್ಯ ಹೆಚ್ಚಿಗೆ ಸೇರಿಸಿದೆ. ಸಾಹೇಬರು ಶನಿವಾರ ಸಹಿ ಮಾಡುವವರಿದ್ದರು. ಸಹಿ ಆದಮೇಲೆ ಮನೆಯಲ್ಲಿ ಹೇಳುವೆನೆಂದು ಶಿವಶರಣಪ್ಪ ತಾಯಿಗೂ ಹೇಳಲಿಲ್ಲ, ಹೆಂಡತಿಗೂ ಹೇಳಲಿಲ್ಲ.

ನಾನು ಒಂದು ವಿಷಯ ಗಮನಿಸಬೇಕಿತ್ತು. ಹಿಂದಿನ ನಲವತ್ತೊಂದು ತಾಯಂದಿರೂ ಊರಿನಲ್ಲಿದ್ದವರು. ಒಬ್ಬರು ಬೀದರ್, ಒಬ್ಬರು ಹಾಸನ, ಒಬ್ಬರು ಗುಂಟೂರು. ಸೂಗಮ್ಮ ಇದ್ದದ್ದು ಇಲ್ಲೇ, ಮಲ್ಕಾಜ್‌ಗಿರಿಯಲ್ಲಿ, ಮಗನ ಮನೆಯಲ್ಲಿ. ನಮ್ಮ ಕನ್ನಡ ಮಂದಿಗೆ ಇಂಥವರ ತಾಯಿ ಹಾಸಿಗೆ ಹಿಡಿದಿದ್ದಾರೆಂದು ಕಿವಿಗೆ ಬಿದ್ದರೆ ಸಾಕು, ನೋಡಿಕೊಂಡು ಬರುವತನಕ ಸಮಾಧಾನವಿಲ್ಲ. ಬರಿಗೈಯಲ್ಲಿ ಹೋಗುವ ಪದ್ಧತಿಯೂ ಇಲ್ಲ.

ಸುದ್ದಿ ಮೊದಲು ತಲುಪಿದ್ದು ಲಿಂಗಂಪಲ್ಲಿಯ ಮಲ್ಲಪ್ಪನಿಗೆ. ಸೀನಿಯಾರಿಟಿ ಪಟ್ಟಿಯಲ್ಲಿ ಶಿವಶರಣಪ್ಪನವರ ನಂತರದ ಹೆಸರು ಅವನದು. ಅವರು ಬಿಟ್ಟರೆ ಕಾನ್ಪುರದ ಫೋರ್‌ಮನ್ ಅವನೇ. ಒಳ್ಳೆಯ ಹುಡುಗ, ಕೃತಜ್ಞತೆ ತಡೆಯಲಾರದೆ ಒದ್ದಾಡಿದ. ಗುರುವಾರ ಶಿಫ್ಟ್ ಮುಗಿದ ಮೇಲೆ ಮೂರು ಜನರನ್ನು ಕೂಡಿಸಿಕೊಂಡು, ಒಂದು ಚೀಲ ಮೋಸಂಬಿ, ಎರಡು ಡಜನ್ ಬಾಳೆಹಣ್ಣು, ಬ್ರೆಡ್ಡು ಹಿಡಿದು ಹೊರಟ. ಅಂದು ಶಿವಶರಣಪ್ಪನವರಿಗೆ ರಜೆ, ಎಚ್ಚರಿಕೆ ಕೊಡಲು ದಾರಿಯಿಲ್ಲ. ನಾನು ಮಲ್ಲಪ್ಪನನ್ನು ತಡೆಯಲು ನೋಡಿದೆ. "ಮಲಗಿರ್ತಾರಪ್ಪ, ತೊಂದರೆ ಬೇಡ."

"ಮಲಗಿದವರನ್ನ ನೋಡಾಕ ಹೋಗೂದ್ರಿ ಸರ್, ಎದ್ದು ಅಡ್ಡಾಡೂರನ್ನ ಯಾರು ನೋಡತಾರ?" ಎಂದು ನನ್ನ ಕೈಗೂ ಒಂದು ಬಾಳೆಚಿಪ್ಪು ಕೊಟ್ಟ.

ನಾವು ಹೋದಾಗ ಬೀದಿ ನಲ್ಲಿಯಲ್ಲಿ ನೀರು ಬಂದಿತ್ತು. ಎಪ್ಪತ್ತರ ಒಬ್ಬ ಮುದುಕಿ ಕಚ್ಚೆ ಬಿಗಿದು, ತಲೆಯ ಮೇಲೊಂದು ಕೊಡ, ಸೊಂಟದಲ್ಲೊಂದು ಕೊಡ ಇಟ್ಟುಕೊಂಡು, ಎದುರು ಮನೆಯವಳಿಗೆ "ನೇನು ಮುಂದು ಒಚ್ಚಿನ!" ಎಂದು ತೆಲುಗಿನಲ್ಲಿ ತನ್ನ ಸರದಿ ಸಾಧಿಸುತ್ತಿದ್ದರು. ನಾನು ಎಲ್ಲರ ಹಿಂದೆ ಸರಿದೆ.

"ಅಮ್ಮಾರ, ಶಿವಶರಣಪ್ಪನವರ ಮನಿ ಯಾವುದ್ರಿ?" ಎಂದ ಮಲ್ಲಪ್ಪ. "ಅವರ ತಾಯಿ ಹಾಸಿಗಿ ಹಿಡದಾರಂತ, ನೋಡಾಕ ಬಂದೀವಿ."

ಸೂಗಮ್ಮ ಮೋಸಂಬಿ ನೋಡಿದರು, ಬ್ರೆಡ್ಡು ನೋಡಿದರು. ಹಿಂದೆ ಬಾಳೆಚಿಪ್ಪಿನ ಮರೆಯಲ್ಲಿ ನಿಂತ ನನ್ನನ್ನೂ ನೋಡಿದರು. ನಾನು ಅವರ ಕೈರೊಟ್ಟಿ ಉಂಡವನು, ಗುರುತಿತ್ತು.

"ಮ್ಯಾಲಿನ ಮನಿ," ಎಂದರು. "ಹತ್ತು ನಿಮಿಷ ಇಲ್ಲೇ ನಿಂದರ್ರಿ. ಕಸಾ ಬಿದ್ದೈತಿ." ಎರಡೂ ಕೊಡಗಳೊಂದಿಗೆ ಮೆಟ್ಟಿಲು ಹತ್ತಿದರು. ಮೇಲೆ ಯಾವುದೋ ಪಾತ್ರೆ ಬಿದ್ದ ಸದ್ದಾಯಿತು. ಆಮೇಲೆ ಶಿವಶರಣಪ್ಪ ಬೆವರುತ್ತ ಬಂದು "ಬರ್ರಿ" ಎಂದರು.

ಏಪ್ರಿಲ್ ತಿಂಗಳ ಹೈದರಾಬಾದಿನ ಸೆಕೆಯಲ್ಲಿ ಸೂಗಮ್ಮ ತಲೆಯಿಂದ ಕಾಲಿನವರೆಗೆ ಕಂಬಳಿ ಹೊದ್ದು ಮಲಗಿ ನರಳುತ್ತಿದ್ದರು. ಕಣ್ಣೆರಡು ಬಿಟ್ಟರೆ ಏನೂ ಕಾಣದು. ಮಲ್ಲಪ್ಪ ಕೈಮುಗಿದ. "ನೀರು ಹೊರಾಕತ್ತಿದ್ರಲ್ಲ, ಆ ಅಮ್ಮಾರು ಎಲ್ರಿ?"

"ಆಕಿ ನನ್ನ ತಂಗಿ," ಎಂದಿತು ಕಂಬಳಿ. "ಊರಿಗೆ ಹೋದ್ಲು."

"ಈಗಿಂದೀಗ?"

"ಆಕಿ ಹಂಗ. ನಿಂತಲ್ಲೆ ನಿಲ್ಲಾಂಗಿಲ್ಲ."

ಅಷ್ಟರಲ್ಲಿ ಶಾಲೆಯಿಂದ ಶಿವಶರಣಪ್ಪನವರ ಹೆಂಡತಿ ಬಂದರು. ಮುಂಜಾನೆ ಒಳಕಲ್ಲಿನಲ್ಲಿ ಚಟ್ನಿಪುಡಿ ಕುಟ್ಟುತ್ತಿದ್ದ ಅತ್ತೆಯನ್ನು ಈ ಸ್ಥಿತಿಯಲ್ಲಿ ಕಂಡು ಚೀಲವನ್ನು ಅಲ್ಲೇ ಬಿಟ್ಟು ಓಡಿ, ಹಣೆ ಮುಟ್ಟಿ ನೋಡಿದರು. ಮಲ್ಲಪ್ಪ ಸಮಾಧಾನ ಹೇಳಿದ. "ಅಂಜಬ್ಯಾಡ್ರಿ ವೈನಿ. ತಾಯಿ ಸಲುವಾಗಿ ಅಣ್ಣಾರು ಕಾನ್ಪುರ ಬ್ಯಾಡ ಅಂತ ಮಂಗಳವಾರನ ಬರದು ಕೊಟ್ಟಾರ. ಇಂಥಾ ಮಗಾ ಎಲ್ಲಿ ಸಿಗಬೇಕ್ರಿ!"

ಆ ಹೆಣ್ಣುಮಗಳು ಗಂಡನ ಮುಖವನ್ನೇ ನೋಡುತ್ತ ನಿಂತರು.

ಬಂದವರು ಹೋದರು. ನಾನೂ ಜಾಗ ಖಾಲಿ ಮಾಡುವುದರಲ್ಲಿದ್ದೆ. "ಕ್ಲಾರ್ಕ್ ಸಾಹೇಬ್ರ, ನೀವು ಕುಂದರ್ರಿ," ಎಂದು ಸೂಗಮ್ಮ ಕಂಬಳಿ ಕಿತ್ತೆಸೆದು ಎದ್ದರು. ಕೂತೆ.

ಆದರೆ ಮೊದಲು ಮಾತಾಡಿದವರು ಸೊಸೆ. ಚೀಲದಿಂದ ಒಂದು ಲಕೋಟೆ ತೆಗೆದು ಮೇಜಿನ ಮೇಲಿಟ್ಟರು. ಅಚ್ಚ ಹಿಂದಿಯಲ್ಲಿ ಬರೆದ ರಾಜೀನಾಮೆ. "ನಾಳೆ ಕೊಡೂದಿತ್ತು," ಎಂದರು. "ರಜಾ ಬಿಡೂದ್ರಾಗ ಕೊಟ್ರ ಅವರಿಗೆ ಬ್ಯಾರೆಯವರನ್ನ ಹುಡುಕಾಕ ಆಗತೈತಿ ಅಂತ. ಹನ್ನೊಂದು ವರ್ಷ ಕಾದೀರಿ. ನನ್ನ ಸಲುವಾಗಿ ತಪ್ಪಬಾರದು ಅಂತ ನಾ ಬರದೆ. ನೀವು ಎರಡು ದಿನದ ಹಿಂದನ ಬ್ಯಾಡ ಅಂದೀರಿ. ನನಗೊಂದು ಮಾತು ಹೇಳಬಾರದಾಗಿತ್ತೇನ್ರಿ?"

ಒಂದು ದಿನ ತಡವಾಗಿದ್ದರೆ ಅವರ ಬಡ್ತಿಯೂ ಹೋಗುತ್ತಿತ್ತು, ಇವರ ನೌಕರಿಯೂ ಹೋಗುತ್ತಿತ್ತು. ನನ್ನ ಜಾಣ ಅರ್ಜಿ ಮಾಡಿದ ಕೆಲಸ ಅದು. ನನಗೆ ನಿಜಕ್ಕೂ ನಾಚಿಕೆಯಾಯಿತು.

"ಲೇ ಶರಣ," ಎಂದರು ಸೂಗಮ್ಮ. "ನನಗ ಬ್ಯಾನಿ ಹಚ್ಚಿದಿ, ಅಡ್ಡಿಯಿಲ್ಲ. ಆದ್ರ ಮುಂದ ಏನು? ಮಗನ ಬಡ್ತಿ ತಿಂದಾಕಿ ಅಂತ ಮಂದಿ ನನ್ನ ಅನ್ನಬೇಕು. ಅತ್ತಿಯಿಂದ ಗಂಡನ ನಸೀಬು ಕೆಟ್ಟಿತು ಅಂತ ಇವಳು ತಿಳಕೋಬೇಕು. ಹೌದಿಲ್ಲ? ಇವಳು ಓದೂ ಮುಂದ ಇವಳ ಮಕ್ಕಳನ್ನ ಬಗಲಾಗ ಹಾಕ್ಕೊಂಡು ರೊಟ್ಟಿ ಬಡದಾಕಿ ನಾನು. ಅದು ನೀರಾಗ ಹೋಗಬಾರದು ಅಂತ ನಿನಗೂ ಐತಿ, ನನಗೂ ಐತಿ. ಹಂಗಂದ ಮ್ಯಾಲ ಖರೇದ್ದು ಬರಿಯಾಕ ಏನು ಧಾಡಿ?"

"ಮಂದಿ ನಗತಾರವ್ವ."

"ನಗಲಿ. ನಕ್ಕರ ಅವರ ಹಲ್ಲು ಕಾಣತಾವ, ನಿನ್ನವಲ್ಲ."

ಶುಕ್ರವಾರ ಶಿವಶರಣಪ್ಪ ನನ್ನ ಮೇಜಿಗೆ ಬಂದು ಹಳೆಯ ಅರ್ಜಿ ವಾಪಸು ಕೇಳಿದರು. ಇಂಥ ಕಾರಣ ಈ ಕಾರ್ಖಾನೆಯಲ್ಲಿ ಯಾರೂ ಕೊಟ್ಟಿಲ್ಲ, ಸಾಹೇಬರು ಕೇಳುವ ಪ್ರಶ್ನೆಗೆ ಉತ್ತರಿಸಲಾರಿರಿ ಎಂದೆ. ಟೈಪ್ ಮಾಡಿಕೊಡುತ್ತೇನೆಂದರೂ ಒಪ್ಪದೆ, ನಕ್ಷೆಗೆ ಅಳತೆ ಬರೆಯುವಂಥ ಬಿಡಿ ಬಿಡಿ ಅಕ್ಷರದಲ್ಲಿ ತಾವೇ ಬರೆದರು. 'ನನ್ನ ಪತ್ನಿ ಶ್ರೀಮತಿ' ಎಂಬಲ್ಲಿ ಪೆನ್ನು ನಿಂತಿತು. ಆಮೇಲೆ 'ಶಿವದೇವಿ' ಎಂದು ಬರೆದರು. ಇಷ್ಟು ವರ್ಷದ ಪರಿಚಯದಲ್ಲಿ ಆ ಹೆಣ್ಣುಮಗಳ ಹೆಸರು ನನಗೆ ತಿಳಿದದ್ದು ಆಗಲೇ.

ಶನಿವಾರ ಸಾಹೇಬರು ನಮ್ಮಿಬ್ಬರನ್ನೂ ಕರೆಸಿದರು. ಹಳೆಯ ಅರ್ಜಿಯನ್ನು ಅವರು ಮೊದಲೇ ಓದಿಬಿಟ್ಟಿದ್ದರು. ಮಾತೆಲ್ಲ ಹಿಂದಿಯಲ್ಲಿ. ಅವರದು ಪಂಜಾಬಿನದು, ಇವರದು ಹೈದರಾಬಾದಿನದು.

"ತಾಯಿ ಹೇಗಿದ್ದಾರೆ? ನಾಲ್ಕು ದಿನದಲ್ಲಿ ಗುಣವಾದರಾ?"

"ಅವರಿಗೆ ಏನೂ ಆಗಿಯೇ ಇರಲಿಲ್ಲ, ಸಾಬ್."

ಸಾಹೇಬರು ನನ್ನತ್ತ ನೋಡಿದರು. ನಾನು ಫ್ಯಾನಿನತ್ತ ನೋಡಿದೆ.

"ಹೆಂಡತಿಯ ಟೀಚರ್ ಕೆಲಸಕ್ಕಾಗಿ ಫೋರ್‌ಮನ್ ಹುದ್ದೆ ಬಿಡುತ್ತೀರಾ? ಮತ್ತೆ ಯಾವಾಗ ಬರುತ್ತದೋ ಗೊತ್ತಿಲ್ಲ. ಯೋಚಿಸಿದ್ದೀರಾ?"

ಹೀರೇಕಾಯಿ ಬದನೆಕಾಯಿಗೆ ಕಾಲು ಗಂಟೆ ಬೇಕಾಗುತ್ತಿದ್ದ ಮನುಷ್ಯ ಒಂದು ಕ್ಷಣವೂ ತಡೆಯಲಿಲ್ಲ. "ಯೋಚಿಸಿದ್ದೇನೆ, ಸಾಬ್. ಅವಳು ಏಳು ವರ್ಷ ಕಾದಿದ್ದಾಳೆ, ನಾನು ಹನ್ನೊಂದು ವರ್ಷ. ಇನ್ನಷ್ಟು ಕಾಯಲು ನನಗೆ ಜಾಗ ಇದೆ. ಅವಳಿಗೆ ಇದು ಹೋದರೆ ಮತ್ತೆ ಎಲ್ಲೂ ಇಲ್ಲ."

ಸಾಹೇಬರು ಅರ್ಜಿಯನ್ನು ಮತ್ತೊಮ್ಮೆ ಓದಿ ಸಹಿ ಮಾಡಿದರು. ಮಲ್ಲಪ್ಪ ಮೇ ತಿಂಗಳಲ್ಲಿ ಕಾನ್ಪುರಕ್ಕೆ ಹೋಗಿ ಫೋರ್‌ಮನ್ ಆದ. ಜೂನ್‌ನಲ್ಲಿ ಶಿವದೇವಿಯವರು ಕಾಯಂ ಆದರು. ಶಾಪಿನ ಮಂದಿ ಒಂದು ವಾರ ನಕ್ಕರು, ಎರಡನೆಯ ವಾರ ಬೇರೊಬ್ಬರು ಸಿಕ್ಕರು. ಶಿವಶರಣಪ್ಪ ಫೋರ್‌ಮನ್ ಆಗಲು ಮತ್ತೆ ಆರು ವರ್ಷ ಹಿಡಿಯಿತು.

ಆದರೆ ಆ ಶನಿವಾರ, ಸಾಹೇಬರ ಕೋಣೆಯಿಂದ ಹೊರಗೆ ಬಂದ ಮೇಲೆ ಅವರು ವರಾಂಡದಲ್ಲಿ ಗೋಡೆ ಹಿಡಿದು ನಿಂತರು. ಕೆಲಸ ಚೆನ್ನಾಗಿ ಮುಗಿಯಿತೆಂಬ ಖುಷಿಯಲ್ಲಿ ನಾನು ಏನೋ ತಮಾಷೆ ಮಾಡಲು ಹೋದೆ. ನೋಡಿದರೆ ಅವರ ಕಣ್ಣಲ್ಲಿ ನೀರು.

"ಫೋರ್‌ಮನ್ ಆಗಬೇಕಂತ ಭಾಳ ಆಸೆ ಇತ್ರಿ ಸರ್," ಎಂದರು. "ಮನ್ಯಾಗ ಹೇಳಬ್ಯಾಡ್ರಿ."

ಹೇಳುವುದಿಲ್ಲ ಎಂದೆ. ಅವರು ಮುಖ ಒರೆಸಿಕೊಳ್ಳುವವರೆಗೆ ಪಕ್ಕದಲ್ಲಿ ನಿಂತಿದ್ದು, ಆಮೇಲೆ ಇಬ್ಬರೂ ಕ್ಯಾಂಟೀನಿಗೆ ಹೋಗಿ ಚಹಾ ಕುಡಿದೆವು.