ಹಳೆಯ ಹೆಸರು ತೆಗೆದ ಮೇಲೆ

ಗಡಿಯಾರ ರಿಪೇರಿ ಮಾಡುವ ಆತನಿಗೆ ಅಂಗಡಿಯ ಶಟರ್ ಎಳೆದ ಮೇಲೆ ಇನ್ನೊಂದು ಕೆಲಸವಿತ್ತು. ಕಣ್ಣು ಕಾಣದವರಿಗೆ ಕಂಪ್ಯೂಟರಿನ ಪರದೆಯನ್ನು ಓದಿ ಹೇಳುವ ಒಂದು ಪ್ರೋಗ್ರಾಂ ಅದು. ಯಾರು ಬೇಕಾದರೂ ಪುಕ್ಕಟೆ ಬಳಸಬಹುದು, ಯಾರು ಬೇಕಾದರೂ ತಿದ್ದಬಹುದು. ದೂರ ದೂರದವರು ತಿದ್ದಿ ಕಳಿಸಿದ್ದನ್ನು ನೋಡಿ ಸೇರಿಸುವ ಯಜಮಾನಿಕೆ ಇವನದು. ಸಂಬಳವಿಲ್ಲ, ಬೈಗುಳಕ್ಕೆ ಮಾತ್ರ ಬರವಿಲ್ಲ.

ಪ್ರತಿ ತಿದ್ದುಪಡಿಯ ಜೊತೆ ಮಾಡಿದವರ ಹೆಸರು, ಯಾಕೆ ಮಾಡಿದರೆಂಬ ಒಂದು ಸಾಲು ಇರುತ್ತದೆ. ಅದನ್ನು ಕಮಿಟ್ ಎನ್ನುತ್ತಾರೆ. ಒಂದಕ್ಕೊಂದು ಹೆಣೆದುಕೊಂಡ ಆ ಸಾಲುಗಳೇ ಕೆಲಸದ ಇತಿಹಾಸ. ಅದನ್ನು ಮುಟ್ಟಕೂಡದೆಂಬುದು ಅವನ ಹಟ.

"ಹಳೇದನ್ನ ತಿದ್ದಿದ್ರೆ ಏನು ಗಂಟು ಹೋಗುತ್ತೋ?" ಎಂದು ಅಕ್ಕ ಒಮ್ಮೆ ಸ್ವೆಟರ್ ಹೆಣೆಯುತ್ತ ಕೇಳಿದ್ದಳು.

"ನಿನ್ನ ಸ್ವೆಟರಲ್ಲಿ ಕೆಳಗಿನ ಸಾಲು ಬದಲಾಯಿಸ್ಬೇಕಂದ್ರೆ?"

"ಅಲ್ಲೀವರೆಗೂ ಬಿಚ್ಚಿ ಮತ್ತೆ ಹೆಣೀಬೇಕು."

"ಇದೂ ಹಾಗೇ ಅಕ್ಕ. ಅದ್ರಲ್ಲೂ ಇದು ಎಷ್ಟೋ ಜನರ ಮೈಮೇಲಿರೋ ಸ್ವೆಟರು. ಎಲ್ರೂ ಬಿಚ್ಚಿ ಕೊಡ್ಬೇಕು."

"ಹಾಗಾದ್ರೆ ಚಳೀಲಿ ಮಾತ್ರ ಕೇಳ್ಬೇಡಪ್ಪ," ಎಂದು ಅವಳು ನಕ್ಕಿದ್ದಳು.

ತಿದ್ದಿ ಕಳಿಸುವ ಆ ಜನರಲ್ಲಿ ಒಬ್ಬಳು ಅವನಿಗೆ ತಂಗಿಯ ಹಾಗಾಗಿದ್ದಳು. ಮುಖ ನೋಡಿದ್ದಿಲ್ಲ, ಫೋನಿನಲ್ಲೇ ಮಾತು. ಪ್ರೋಗ್ರಾಂ ಅಂಕಿಗಳನ್ನು ಓದುವ ರೀತಿಯನ್ನು ತಿದ್ದಿ ತೀಡಿದವಳು ಅವಳು. 'ನಾನೇ ಕೇಳಿ ನೋಡಿದೆ, ಸರಿಯಿದೆ' ಎಂದು ಪ್ರತಿ ಸಾಲಿನ ಕೊನೆಗೆ ಬರೆಯುತ್ತಿದ್ದಳು. ನಡುವೆ ಕೆಲಕಾಲ ಕಾಣೆಯಾಗಿ, ಬೇರೆ ಹೆಸರಿನಲ್ಲಿ ಮರಳಿ ಬಂದಳು. ಒಂದು ಸಂಜೆ ಫೋನ್ ಮಾಡಿದಳು.

"ಅಣ್ಣಾ, ನನ್ನ ಹಳೇ ಹೆಸರು ತೆಗೆದುಬಿಡ್ತೀರಾ? ಗಂಡ ಹೊಡೀತಿದ್ದ, ಬಿಟ್ಟು ಬಂದಿದೀನಿ. ಈಗ ಹುಡುಕ್ತಿದಾನೆ. ಇಂಟರ್ನೆಟ್ಟಲ್ಲಿ ಆ ಹೆಸರು ಹಾಕಿ ಹುಡುಕಿದ್ರೆ ಮೊದಲು ಸಿಗೋದೇ ನಮ್ಮ ಕೆಲಸ."

"ಇತಿಹಾಸಾನೇ ಬದಲಾಯಿಸ್ಬೇಕಾಗುತ್ತಮ್ಮ."

"ಗೊತ್ತಿದ್ದೇ ಕೇಳ್ತಿದೀನಿ ಅಣ್ಣ."

"ಎಲ್ರನ್ನೂ ಒಂದು ಮಾತು ಕೇಳಿಬಿಡ್ತೀನಿ."

"ಬೇಗ ಮಾಡಿ," ಎಂದಳು ಅವಳು.

ಆ ಕೆಲಸದವರು ಯಾವುದನ್ನೂ ಗುಟ್ಟಾಗಿ ತೀರ್ಮಾನಿಸುವುದಿಲ್ಲ. ಎಲ್ಲರೂ ಓದಬಹುದಾದ ಚರ್ಚೆಯ ಪುಟದಲ್ಲಿ ಇಟ್ಟು ಕೇಳುತ್ತಾರೆ. ಇವನೂ ಇಟ್ಟ. ಕಾರಣ ಬರೆಯಲಿಲ್ಲ, ಅಷ್ಟು ಜೋಪಾನ ಮಾಡಿದ. 'ಈ ಹೆಸರು ತೆಗೆದು ಈ ಹೆಸರು ಹಾಕೋಣವೇ?' ಎಂದು ಹಳೆಯದನ್ನೂ ಹೊಸದನ್ನೂ ಒಂದೇ ಸಾಲಿನಲ್ಲಿ ಬರೆದ.

ಜನ ಮುಗಿಬಿದ್ದರು. ಇವತ್ತು ಒಬ್ಬರಿಗೆ ಮಾಡಿದರೆ ನಾಳೆ ಎಲ್ಲರೂ ಕೇಳುತ್ತಾರೆ ಎಂದರು ಕೆಲವರು. ಹೆಸರು ಅವಳದು, ನಿಮ್ಮ ಅಪ್ಪನ ಆಸ್ತಿಯೇ ಎಂದರು ಇನ್ನು ಕೆಲವರು. ವಾದ ಎಳೆದಷ್ಟೂ ಉದ್ದವಾಯಿತು. ಇವನೂ ಎಲ್ಲರಿಗೂ ತಾಳ್ಮೆಯಿಂದ ಉತ್ತರ ಬರೆಯುತ್ತ ಕೂತ.

ಮತ್ತೆ ಅವಳ ಫೋನ್ ಬಂದಾಗ ಅವನು ಅಂಗಡಿಯಲ್ಲಿದ್ದ, ಕೈಯಲ್ಲಿ ಬಿಚ್ಚಿದ ಗಡಿಯಾರವಿತ್ತು.

"ಅವನು ಬಾಗಿಲಿಗೇ ಬಂದಿದ್ದ. ಪಕ್ಕದ ಮನೆಯವರು ಓಡಿ ಬಂದ್ರು, ಉಳ್ಕೊಂಡೆ. ಬೇರೆ ಕಡೆ ಹೊರಟಿದೀನಿ ಅಣ್ಣ. ಇನ್ನು ಈ ನಂಬರ್ ಇರಲ್ಲ."

"ನನ್ನಿಂದಾನಾ ತಾಯಿ?"

"ನೀವು ಬರೆದ ಪುಟ ಅವನ ಫೋನಲ್ಲಿತ್ತು. ಅದರಲ್ಲಿದ್ದ ನನ್ನ ಹೊಸ ಹೆಸರು ತೋರಿಸಿ ನಕ್ಕ."

ಬೈದಿದ್ದರೆ ತಡೆದುಕೊಳ್ಳುತ್ತಿದ್ದನೇನೋ. ಅವಳು ಕೊನೆಗೂ "ಬರ್ತೀನಿ ಅಣ್ಣ" ಎಂದೇ ಫೋನ್ ಇಟ್ಟಳು.

ಅವತ್ತು ಅವನು ಯಾರನ್ನೂ ಕೇಳಲಿಲ್ಲ. ಚರ್ಚೆಯ ಪುಟ ಕಿತ್ತುಹಾಕಿದ. ಇತಿಹಾಸವನ್ನು ಬುಡದಿಂದ ಬಿಚ್ಚಿ, ಅವಳ ಎರಡೂ ಹೆಸರು ತೆಗೆದು ಮತ್ತೆ ಹೆಣೆದ. ಎಲ್ಲರೂ ಹಳೆಯ ಪ್ರತಿ ಅಳಿಸಿ ಹೊಸದು ತೆಗೆದುಕೊಳ್ಳಿರೆಂದು ಬೇಡಿಕೊಂಡ. ಕೆಲಸ ಕೆಟ್ಟವರು ಬಾಯಿಗೆ ಬಂದಂತೆ ಉಗಿದರು.

ಆಮೇಲೆ ಹೊಸಬರು ಏನು ಕಳಿಸಿದರೂ ಸಾಲಿನ ಕೊನೆ ನೋಡುವುದೇ ಅವನಿಗೆ ಚಾಳಿಯಾಯಿತು. 'ನಾನೇ ಕೇಳಿ ನೋಡಿದೆ' ಎಂದು ಎಲ್ಲಾದರೂ ಇದ್ದೀತೇ? ಒಂದು ದಿನ ಅವನಿಗೆ ಹೊಳೆಯಿತು. ತಾನು ಗುರುತು ಹಿಡಿಯಬಲ್ಲೆನಾದರೆ, ಇನ್ನೊಬ್ಬನೂ ಹಿಡಿದಾನು. ಹಳೆಯ ಸಾಲುಗಳಿಂದ ಆ ಮಾತನ್ನೂ ತೆಗೆದ. ಹುಡುಕುವುದನ್ನು ಬಿಟ್ಟ.

ಪ್ರೋಗ್ರಾಂ ಪರೀಕ್ಷಿಸಲು ಅವನೊಮ್ಮೆ ಮನೆಯಲ್ಲಿ ಅಂಕಿಗಳನ್ನು ಓದಿಸುತ್ತಿದ್ದ. ಅಕ್ಕ ಹೆಣಿಗೆ ನಿಲ್ಲಿಸಿ ಕಿವಿಗೊಟ್ಟಳು.

"ಎಷ್ಟು ಸ್ಪಷ್ಟವಾಗಿ ಓದುತ್ತೋ! ಯಾರು ಮಾಡಿದ್ದು?"

"ಗೊತ್ತಿಲ್ಲ ಅಕ್ಕ," ಎಂದ ಅವನು. ಅಂಕಿಗಳು ಮುಗಿಯುವವರೆಗೂ ತಲೆ ಎತ್ತಲಿಲ್ಲ.